ಹೆಸರು ಹಿಡಿದು ಕರೆದ ಮಗಳು

ಮಾಯಾ ಹುಟ್ಟಿದ ವಾರ ಅವಳ ಅಪ್ಪನ ಮೇಜಿನ ಮೇಲೆ ಲೈಬ್ರರಿಯ ದಪ್ಪ ಪುಸ್ತಕವೊಂದು ಬೆನ್ನು ಕಳಚಿಕೊಂಡು ಬಿದ್ದಿತ್ತು. ಅಪ್ಪ ಬೈಂಡರ್. ಹರಿದ ಪುಸ್ತಕಗಳನ್ನು ಬಿಚ್ಚಿ, ಹದಿನಾರು ಹದಿನಾರು ಪುಟದ ಕಂತೆಗಳಾಗಿ ಬೇರ್ಪಡಿಸಿ, ಮತ್ತೆ ಹೊಲಿದು ಹೊಸ ರಟ್ಟು ಹಾಕಿ ಕೊಡುವುದು ಅವನ ಕಸುಬು. ಆ ಕಂತೆಗೆ ಬೈಂಡರುಗಳು ಫಾರಂ ಎನ್ನುತ್ತಿದ್ದರು. ಅವನು ಓದುತ್ತಿದ್ದುದೂ ಹಾಗೆಯೇ, ಕೈಗೆ ಬಂದ ಫಾರಂ ಯಾವುದೋ ಅದನ್ನು. ಹೀಗಾಗಿ ಅವನಿಗೆ ನೂರಾರು ಕಥೆಗಳು ಗೊತ್ತಿದ್ದವು, ತಲೆಯಿದ್ದರೆ ಬಾಲವಿಲ್ಲ, ಬಾಲವಿದ್ದರೆ ತಲೆಯಿಲ್ಲ. ಕೊಲೆ ಮಾಡಿದವನು ಯಾರು ಅಂತ ಥಟ್ಟನೆ ಹೇಳುತ್ತಿದ್ದ. ಸತ್ತವನು ಯಾರು ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದ.

ಆ ದಪ್ಪ ಪುಸ್ತಕ ಗ್ರೀಕರ ಪುರಾಣದ್ದು. ಅಂಟು ಒಣಗುವ ಹೊತ್ತಿನಲ್ಲಿ ಅಪ್ಪ ಒಂದು ಫಾರಂ ಓದಿ ಮುಗಿಸಿದ. ಅದರಲ್ಲಿ ಆಕಾಶವನ್ನೇ ಹೆಗಲ ಮೇಲೆ ಹೊತ್ತು ನಿಂತ ಅಟ್ಲಾಸ್ ಎಂಬವನಿದ್ದ. ಅವನಿಗೆ ಏಳು ಜನ ಹೆಣ್ಣುಮಕ್ಕಳು. ಹಿರಿಯವಳ ಹೆಸರು ಮಾಯಿಯಾ. ನಾಚಿಕೆಯ ಹುಡುಗಿ, ದೇವತೆಗಳ ಗದ್ದಲ ಅವಳಿಗೆ ಆಗದು. ಬೆಟ್ಟದ ಗುಹೆಯೊಂದರಲ್ಲಿ ತನ್ನ ಪಾಡಿಗೆ ತಾನಿರುವವಳು. ಆ ಏಳು ಅಕ್ಕತಂಗಿಯರೇ ಕೊನೆಗೆ ನಕ್ಷತ್ರಗಳಾದರಂತೆ. ನಾವು ಕೃತ್ತಿಕೆ ಅನ್ನುವ ಗೊಂಚಲು ಅದೇ. ಅಲ್ಲಿಗೆ ಫಾರಂ ಮುಗಿದಿತ್ತು. ಮುಂದಿನ ಪುಟಗಳು ಬೇರೊಬ್ಬ ಕೆಲಸಗಾರನ ಮೇಜಿನ ಮೇಲಿದ್ದವು, ಮರುದಿನ ಪುಸ್ತಕ ಲೈಬ್ರರಿಗೆ ವಾಪಸಾಯಿತು.

ಮನೆಗೆ ಬಂದವನೇ ಅವನು ಹೆಂಡತಿಗೆ ಹೇಳಿದ: "ಮಗೂಗೆ ಮಾಯಿಯಾ ಅಂತ ಇಡೋಣ."

"ಅದೆಂಥ ಹೆಸರು? ಮಾಯ ಆಗ್ಬಿಡೋ ಹೆಸರು!"

"ಆ ಮಾಯ ಅಲ್ಲ ಕಣೇ. ಇದು ಗ್ರೀಕ್ ಹೆಸರು. ಆಕಾಶ ಹೊತ್ತೋನ ಹಿರಿಮಗಳು."

"ನೀವ್ಯಾವಾಗ ಆಕಾಶ ಹೊತ್ರಿ?"

"ರಟ್ಟಿನ ಬಂಡಲ್ ಹೊರ್ತೀನಲ್ಲ, ಅದೇನು ಕಮ್ಮಿ ಭಾರವಾ?"

ಹೆಸರು ನಿಂತಿತು. ಆದರೆ ಶಾಲೆಗೆ ಸೇರಿಸುವಾಗ ಹೆಡ್‌ಮಿಸ್ ಅದನ್ನು ಕಾಗುಣಿತದ ತಪ್ಪು ಎಂದುಕೊಂಡು ನಡುವಿನ ಅಕ್ಷರಕ್ಕೆ ಗೀಟು ಹಾಕಿ 'ಮಾಯಾ' ಮಾಡಿದರು. ಹಾಜರಿ ಕೂಗುವಾಗ ಹಿಂದಿನ ಬೆಂಚಿನ ಹುಡುಗಿಯರು "ಮಾಯ ಆದ್ಲು ಮಿಸ್!" ಎಂದು ಕಿಸಕ್ಕನೆ ನಗುತ್ತಿದ್ದರು. ಒಂದು ದಿನ ಅವಳು ಅಳುತ್ತಾ ಬಂದು, "ಅಪ್ಪಾ, ನನ್ನ ಹೆಸರಿಗೆ ನಿಜವಾದ ಅರ್ಥ ಏನು?" ಎಂದು ಕೇಳಿದಳು.

ಅಪ್ಪ ಅಂಟು ಹತ್ತಿದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. "ಅದು ನಂಗೆ ಸಿಕ್ಕಿದ ಫಾರಂನಲ್ಲಿ ಇರ್ಲಿಲ್ಲ ಮಗಳೇ" ಎಂದ. ಸುಳ್ಳು ಹೇಳಿ ಸಮಾಧಾನ ಮಾಡುವುದು ಅವನಿಗೆ ಬರುತ್ತಿರಲಿಲ್ಲ.

ಅವಳಿಗೆ ಹತ್ತೊಂಬತ್ತಾದಾಗ ಅಪ್ಪ ತೀರಿಕೊಂಡ. ಅಷ್ಟರಲ್ಲಿ ಕಸುಬು ಅವಳ ಕೈಗೆ ಹತ್ತಿತ್ತು. ಅಪ್ಪ ಕೂರುತ್ತಿದ್ದ ಬೈಂಡಿಂಗ್ ಅಂಗಡಿಯಲ್ಲೇ, ಕಿಟಕಿ ಪಕ್ಕದ ಅದೇ ಮೇಜಿನ ಮುಂದೆ ಅವಳು ಕೂತಳು. ಹೊಲಿಗೆಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅವಳು ಹೊಲಿದ ಪುಸ್ತಕವನ್ನು ಯಾವ ಪುಟಕ್ಕೆ ತೆರೆದರೂ ಅಂಗೈ ಬಿಚ್ಚಿದ ಹಾಗೆ ಮಲಗುತ್ತಿತ್ತು. ಮಾಲೀಕ ಹೊಗಳುವ ಮನುಷ್ಯನಲ್ಲ. ಕಷ್ಟದ ಕೆಲಸ ಬಂದರೆ ಮಾತಿಲ್ಲದೆ ಅವಳ ಮೇಜಿನ ಮೇಲಿಟ್ಟು ಹೋಗುತ್ತಿದ್ದ. ಅವಳಿಗೆ ಅದೇ ಸರ್ಟಿಫಿಕೇಟು.

ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಅವಳ ಮದುವೆಯಾಯಿತು. ಗಂಡ ಊರಿಗೆ ನೀರು ಬಿಡುವವನು. ಬೆಳಕು ಹರಿಯುವ ಮೊದಲೇ ಎದ್ದು, ಕೈಯಲ್ಲಿ ಉದ್ದದ ಕಬ್ಬಿಣದ ಕೀಲಿ ಹಿಡಿದು, ಬೀದಿಬೀದಿಯ ವಾಲ್ವ್ ತಿರುಗಿಸುತ್ತಾ ಹೋಗುತ್ತಿದ್ದ. ಮಾತು ಕಮ್ಮಿ, ಮನಸ್ಸು ಮೆದು. ಅವನ ಮೊದಲ ಹೆಂಡತಿ ವರ್ಷದ ಹಿಂದೆ ಜ್ವರ ಬಂದು ಮೂರೇ ದಿನದಲ್ಲಿ ಹೋಗಿದ್ದಳು. ನಾಲ್ಕು ವರ್ಷದ ಮಗಳಿದ್ದಳು. ಮನೆಯಲ್ಲಿ ಎಲ್ಲರೂ ಅವಳನ್ನು ಪುಟ್ಟಿ ಅನ್ನುತ್ತಿದ್ದರು.

ರಿಜಿಸ್ಟರ್ ಕಚೇರಿಯಲ್ಲಿ ಸಹಿ ಹಾಕಿ ಮನೆಗೆ ಬಂದ ಸಂಜೆ ಪುಟ್ಟಿ ಬಾಗಿಲ ಹಿಂದಿನಿಂದ ಈಚೆಗೆ ಬರಲಿಲ್ಲ. ಬಾಗಿಲ ಸಂದಿಯಲ್ಲಿ ಒಂದು ಕಣ್ಣು ಮಾತ್ರ ಕಾಣುತ್ತಿತ್ತು. ಮಾಯಾ ಕರೆಯಲಿಲ್ಲ, ಪುಸಲಾಯಿಸಲಿಲ್ಲ. ಬಾಗಿಲ ಈಚೆಗೆ ಗೋಡೆಗೊರಗಿ ನೆಲದ ಮೇಲೆ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ ಸಣ್ಣ ದನಿ ಬಂತು.

"ನಿನ್ನ ಹೆಸರು ಮಾಯಾ ಅಂತೆ?"

"ಹೂಂ."

"ನಮ್ಮಮ್ಮ ಮಾಯ ಆದ್ಲು ಅಂತ ಅಜ್ಜಿ ಅಂದ್ರು. ನೀನೂ ಮಾಯ ಆಗ್ತೀಯಾ?"

ಶಾಲೆಯ ಹಿಂದಿನ ಬೆಂಚಿನವರು ಕೂಡ ಮಾಯಾಳನ್ನು ಇಷ್ಟು ಆಳಕ್ಕೆ ಚುಚ್ಚಿರಲಿಲ್ಲ. ತಿರುಗಿ ನೋಡಿದಾಗ ಬಾಗಿಲ ಸಂದಿಯಿಂದ ಮಗುವಿನ ಮೊಣಕಾಲು ಕಂಡಿತು. ಅದರ ಮೇಲೆ ಹಕ್ಕಳೆ ಕಟ್ಟಿದ ಗಾಯ.

"ಮಂಡಿಗೆ ಏನಾಯ್ತು?"

"ಬಿದ್ದೆ. ಈಗ ಮಾಯ್ತಾ ಇದೆ."

"ಹಾಂ, ಆ ಮಾಯೋದೇ ನನ್ನ ಹೆಸರಲ್ಲಿರೋದು."

ಒಳಗೆ ಲೆಕ್ಕಾಚಾರ ನಡೆಯಿತು. "ಅಂದ್ರೆ ವಾಸಿ ಆಗೋದಾ?"

"ವಾಸಿ ಆಗೋದು."

ಅದು ನಿಜವಲ್ಲ ಎಂದು ಮಾಯಾಗೆ ಗೊತ್ತಿತ್ತು. ಅಪ್ಪನಿಗೆ ಬಾರದಿದ್ದ ವಿದ್ಯೆ ತನಗೆ ಬಂತಲ್ಲ ಅನ್ನಿಸಿ ಒಂದಿಷ್ಟು ನಾಚಿಕೆಯೂ ಆಯಿತು. ಬಾಗಿಲು ಮಾತ್ರ ಇನ್ನೊಂದು ಗೇಣು ತೆರೆಯಿತು.

ಮರುದಿನದಿಂದ ಶುರುವಾಯಿತು ಕೂಗು. ಬಚ್ಚಲಿನಿಂದ "ಮಾಯಾ!" ಹಿತ್ತಲಿನಿಂದ "ಮಾಯಾ!" ಮಂಚದ ಕೆಳಗಿನಿಂದ "ಮಾಯಾ!" ಇವಳು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬಂದು "ಏನು ಪುಟ್ಟಿ?" ಅಂದರೆ, ಪುಟ್ಟಿ ಕಣ್ಣು ಪಿಳಿಪಿಳಿ ಬಿಟ್ಟು "ಏನಿಲ್ಲ" ಅನ್ನುವಳು. ದಿನಕ್ಕೆ ಇಪ್ಪತ್ತು ಸಲ. ಗಂಡನಿಗೇ ತಲೆ ಚಿಟ್ಟು ಹಿಡಿಯಿತು. ಮಾಯಾ ಒಂದು ಸಲವೂ ಹೋಗದೆ ಇರಲಿಲ್ಲ.

ಅತ್ತೆಗೆ ಇದು ಸರಿಬರಲಿಲ್ಲ. ಮನೆಗೆ ಬಂದ ಹಿರಿಯಳನ್ನು ಮೊಮ್ಮಗಳು ಹೆಸರು ಹಿಡಿದು ಕರೆಯುವುದೆಂದರೇನು? ಒಂದು ಮಧ್ಯಾಹ್ನ ಅವರು ಚಾಕಲೇಟನ್ನು ಕೈಯಲ್ಲಿ ಹಿಡಿದು ಪುಟ್ಟಿಯನ್ನು ಎದುರಿಗೆ ನಿಲ್ಲಿಸಿಕೊಂಡರು.

"ಅಮ್ಮ ಅನ್ನು. ಕೊಡ್ತೀನಿ."

ಪುಟ್ಟಿ ತುಟಿ ಬಿಗಿದುಕೊಂಡಳು. ಕಾದೂ ಕಾದೂ ಅತ್ತೆಗೇ ಕರುಣೆ ಬಂದು ಕೊಟ್ಟುಬಿಟ್ಟರು. ಪುಟ್ಟಿ ಅದನ್ನು ಬಾಯಿಗೆ ಹಾಕಿಕೊಂಡು "ಥ್ಯಾಂಕ್ಸ್ ಅಜ್ಜಿ" ಎಂದು ಓಡಿಹೋದಳು.

"ನಿನ್ನ ಸಲಿಗೆನೇ ಜಾಸ್ತಿ ಆಯ್ತು" ಎಂದು ಅತ್ತೆ ಸೊಸೆಯ ಮೇಲೆ ತಿರುಗಿದರು. "ನಾಲ್ಕು ಜನ ಕೇಳಿದ್ರೆ ಏನಂತಾರೆ?"

"ಕರೀತಾಳಲ್ಲ ಅತ್ತೆ, ಅಷ್ಟು ಸಾಕು ಬಿಡಿ."

ಬಾಯಲ್ಲಿ ಹಾಗಂದರೂ ಮಾಯಾ ಕಲ್ಲಲ್ಲ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಕಾಯುವಾಗ ಯಾವುದೋ ಮಗು "ಅಮ್ಮಾ" ಎಂದು ಕೂಗಿಕೊಂಡು ಬಂದರೆ ಅವಳ ತಲೆ ತಾನಾಗಿ ಆ ಕಡೆ ತಿರುಗುತ್ತಿತ್ತು. ಆಮೇಲೆ ಯಾರಾದರೂ ನೋಡಿದರೇನೋ ಎಂದು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅವಳಿಗೆ ಮಕ್ಕಳಾಗಲಿಲ್ಲ. ಎರಡು ವರ್ಷ ಡಾಕ್ಟರ ಬಳಿ ಓಡಾಡಿದರು. ಮೂರನೆಯ ವರ್ಷ, ಹೋಗಬೇಕಾದ ದಿನ ಇಬ್ಬರೂ ಅದರ ಮಾತೆತ್ತಲಿಲ್ಲ, ಅಷ್ಟೇ.

ಪುಟ್ಟಿಗೆ ಎಂಟು ವರ್ಷವಾದಾಗ ಅಪ್ಪನ ಜೊತೆ ನೀರಿನ ಟ್ಯಾಂಕು ನೋಡಲು ಹೋಗಿ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಳು. ಆರು ವಾರ ಪ್ಲಾಸ್ಟರು. ಅತ್ತೆಗೆ ಆಗಲೇ ಕೈಲಾಗುತ್ತಿರಲಿಲ್ಲ; ಮಗುವನ್ನು ಮನೆಯಲ್ಲಿ ಬಿಡುವ ಹಾಗಿರಲಿಲ್ಲ. ಮಾಯಾ ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡೇ ಅಂಗಡಿಗೆ ಹೋದಳು. ಆರು ವಾರವೂ. ದಾರಿಯುದ್ದಕ್ಕೂ ಪ್ಲಾಸ್ಟರಿನ ಕಾಲು ಅವಳ ಸೊಂಟಕ್ಕೆ ಟಪಟಪ ಬಡಿಯುತ್ತಿತ್ತು. ಮಾಲೀಕ ಮೊದಲ ದಿನ "ಇದೇನು ಅಂಗನವಾಡೀನಾ?" ಎಂದು ಗೊಣಗಿದ. ಎರಡನೆಯ ದಿನ ಕಾಲಿಡಲು ಒಂದು ಸ್ಟೂಲು ತಂದುಕೊಟ್ಟ.

ಪುಟ್ಟಿ ಕಾಗದದ ರಾಶಿಯ ಮೇಲೆ ರಾಣಿಯ ಹಾಗೆ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಮೈದಾ ಅಂಟು ಕುದಿಯುವುದು, ದೊಡ್ಡ ಕತ್ತಿ ಕಾಗದದ ಅಂಚನ್ನು ಬೆಣ್ಣೆಯ ಹಾಗೆ ಕತ್ತರಿಸುವುದು, ಮಾಯಾಳ ಸೂಜಿ ಫಾರಂನಿಂದ ಫಾರಂಗೆ ಹೋಗಿ ಬರುವುದು. ಎರಡನೆಯ ವಾರ ಮಾಯಾ ಅವಳ ಕೈಗೂ ಒಂದು ಸೂಜಿ ಕೊಟ್ಟಳು. ದಾರಕ್ಕೆ ಮೇಣ ಹಚ್ಚುವುದು, ಗಂಟು ಒಳಗೆ ಬರುವಂತೆ ಎಳೆಯುವುದು ಹೇಳಿಕೊಟ್ಟಳು.

"ಎಳಿ, ಆದ್ರೆ ಜಗ್ಗಬೇಡ. ಜಗ್ಗಿದ್ರೆ ಕಾಗದ ಹರಿಯುತ್ತೆ, ಸಡಿಲ ಬಿಟ್ರೆ ಪುಸ್ತಕ ಬೀಳುತ್ತೆ."

"ಎಷ್ಟು ಎಳೀಬೇಕು ಅಂತ ಹೆಂಗೆ ಗೊತ್ತಾಗುತ್ತೆ?"

"ಕೈಗೆ ಗೊತ್ತಾಗುತ್ತೆ. ನಿಧಾನಕ್ಕೆ."

ಪುಟ್ಟಿಯ ಹದಿನಾಲ್ಕನೆಯ ವಯಸ್ಸಿನಲ್ಲಿ ಒಂದು ದಿನ ಜಗಳವಾಯಿತು. ಶಾಲೆಯಿಂದ ಪ್ರವಾಸಕ್ಕೆ ಹೊರಟಿದ್ದರು. ಪುಟ್ಟಿಗೆ ಹಿಂದಿನ ವಾರವಷ್ಟೇ ಜ್ವರ ಬಿಟ್ಟಿತ್ತು. ಮಾಯಾ ಬೇಡ ಅಂದಳು. ಜ್ವರ ಅಂದರೆ ಆ ಮನೆಯಲ್ಲಿ ಎಲ್ಲರಿಗೂ ನಡುಕ.

"ನೀನ್ಯಾರು ಬೇಡ ಅನ್ನೋಕೆ?" ಪುಟ್ಟಿ ಕಿರುಚಿದಳು. "ನೀನೇನು ನನ್ನ ಅಮ್ಮನಾ?"

ಅವಳ ಅಪ್ಪ ಎಂದೂ ಇಲ್ಲದೆ ಕೈ ಎತ್ತಿದ. ಮಾಯಾ ಅವನ ಮಣಿಕಟ್ಟು ಹಿಡಿದುಕೊಂಡಳು. ಆಮೇಲೆ ಅಡುಗೆಮನೆಗೆ ಹೋಗಿ ಮರುದಿನದ ಕೆಲಸಕ್ಕೆ ಅಂಟು ಕಾಯಿಸಲು ಇಟ್ಟಳು. ಮಗುಚುವುದನ್ನು ಮರೆತು ಕಿಟಕಿಯ ಆಚೆ ನೋಡುತ್ತಾ ನಿಂತಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅಂಟು ತಳ ಹತ್ತಿ ಮನೆಯೆಲ್ಲಾ ಸುಟ್ಟ ವಾಸನೆ ತುಂಬಿತು. ಬೆಳಿಗ್ಗೆ ಎದ್ದು ನೋಡಿದರೆ ಪುಟ್ಟಿ ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು ಆ ಪಾತ್ರೆಯನ್ನು ಗಸಗಸ ತಿಕ್ಕುತ್ತಿದ್ದಳು. ಮೂಗಿನ ತುದಿ ಕೆಂಪಾಗಿತ್ತು. ತಪ್ಪಾಯಿತು ಅಂತ ಅವಳೂ ಅನ್ನಲಿಲ್ಲ, ಅನ್ನು ಅಂತ ಇವಳೂ ಕೇಳಲಿಲ್ಲ.

ಆಮೇಲೆ ಪುಟ್ಟಿ ನರ್ಸಿಂಗ್ ಓದಲು ಬೇರೆ ಊರಿಗೆ ಹೋದಳು. ಹೆರಿಗೆ ಮಾಡಿಸುವ ಕೆಲಸವನ್ನೇ ಕಲಿಯುತ್ತೇನೆ ಎಂದು ಹಟ ಹಿಡಿದು ಆರಿಸಿಕೊಂಡಿದ್ದಳು. ಎರಡನೆಯ ವರ್ಷದ ಶುರುವಿನಲ್ಲಿ, ರಜೆಯೂ ಇಲ್ಲ ಏನೂ ಇಲ್ಲ, ಒಂದು ಮಂಗಳವಾರ ಮಧ್ಯಾಹ್ನ ಅವಳು ಹೆಗಲಿಗೆ ಚೀಲ ಹಾಕಿಕೊಂಡು ನೇರವಾಗಿ ಬೈಂಡಿಂಗ್ ಅಂಗಡಿಯ ಬಾಗಿಲಲ್ಲಿ ನಿಂತಳು. ಮಾಯಾಳ ಕೈಯಲ್ಲಿ ಕಾಲೇಜಿನ ಒಂದು ನಿಘಂಟು ಇತ್ತು. ಮಗಳ ಮುಖ ನೋಡಿ ಅವಳು ಸೂಜಿ ಹಿಡಿದೇ ಅರ್ಧ ಎದ್ದಳು.

"ಏನಾಯ್ತೇ? ಫೇಲಾದ್ಯಾ? ಹುಷಾರಿಲ್ವಾ? ಯಾರಾದ್ರೂ ಏನಾದ್ರೂ ಅಂದ್ರಾ?"

"ಏನೂ ಆಗಿಲ್ಲ. ನಿಂಗೊಂದು ವಿಷ್ಯ ಹೇಳ್ಬೇಕು. ಕೆಲ್ಸ ನಿಲ್ಲಿಸು."

"ನಿಲ್ಲಿಸೋಕಾಗಲ್ಲ, ದಾರ ಅರ್ಧದಲ್ಲಿದೆ. ನೀನು ಹೇಳು, ಕಿವಿ ಖಾಲಿ ಇದೆ."

ಪುಟ್ಟಿ ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು. ಚೀಲದಿಂದ ನೋಟ್‌ಬುಕ್ ತೆಗೆದಳು. ಹಿಂದಿನ ದಿನ ಅವರ ಟೀಚರ್, ತಲೆ ಪೂರಾ ಬೆಳ್ಳಗಾದ ಹಳೆಯ ನರ್ಸ್, ಹೆರಿಗೆ ಮಾಡಿಸುವವಳಿಗೆ ಬೇರೆಬೇರೆ ಕಡೆ ಏನೇನು ಹೆಸರು ಅಂತ ಬೋರ್ಡಿನ ಮೇಲೆ ಬರೆದಿದ್ದರಂತೆ. ಸೂಲಗಿತ್ತಿ, ದಾಯಿ, ಹೀಗೆ. ಕೊನೆಗೆ ಒಂದು ಹಳೆಯ ಗ್ರೀಕ್ ಮಾತು.

"ಏನು ಗೊತ್ತಾ ಅದು? ಮಾಯಿಯಾ."

ಸೂಜಿ ಒಂದು ಕ್ಷಣ ತಡೆದು ಮತ್ತೆ ಮುಂದೆ ಹೋಯಿತು. "ನನ್ನ ಹೆಸರಾ?"

"ನಿನ್ನ ಹೆಸರೇ, ಹೆಡ್‌ಮಿಸ್ ಗೀಟು ಹಾಕೋಕೆ ಮುಂಚಿನ ಹೆಸರು. ನಂಗೆ ಕೂರೋಕಾಗ್ಲಿಲ್ಲ. ಸಂಜೆ ಲೈಬ್ರರಿಗೆ ಹೋಗಿ ಎಲ್ಲಾ ಹುಡುಕಿ ಬರ್ಕೊಂಡೆ, ಕೇಳು." ಅವಳು ಬೆರಳಿಟ್ಟು ಓದಿದಳು. "ಸೂಲಗಿತ್ತಿ ಅಂತ ಒಂದೇ ಅರ್ಥ ಅಲ್ಲ. ದಾದಿ. ಒಳ್ಳೆ ತಾಯಿ. ಸಾಕುತಾಯಿ. ವಯಸ್ಸಾದ ಹೆಂಗಸರನ್ನ ಪ್ರೀತಿ ಇಟ್ಟು ಕರೆಯೋಕೂ ಅದೇ ಮಾತು."

"ಆಕಾಶ ಹೊತ್ತೋನ ಮಗಳು ಅಂತ ನಮ್ಮಪ್ಪ ಹೇಳ್ತಿದ್ರು."

"ಅವಳೇ! ಅವಳದ್ದು ಮುಂದಕ್ಕೂ ಕಥೆ ಇದೆ. ಅವಳಿಗೆ ಒಬ್ಬ ಮಗ ಹುಟ್ಟಿದ, ಮಹಾ ತುಂಟ, ದೇವರುಗಳಿಗೇ ಟೋಪಿ ಹಾಕೋನು. ಅದು ಇರ್ಲಿ. ಇನ್ನೊಬ್ಬಳು ಇದ್ಲು, ಕಾಡಲ್ಲಿ ಬೇಟೆ ಆಡೋಳು. ಅವಳಿಗೂ ಒಂದು ಗಂಡುಮಗು ಆಯ್ತು. ಯಾವಳೋ ದೇವತೆಗೆ ಹೊಟ್ಟೆಕಿಚ್ಚು ಬಂದು ಅವಳನ್ನ ಕರಡಿ ಮಾಡಿಬಿಟ್ಲು. ಕರಡಿ ಹೇಗೆ ಮಗು ಎತ್ಕೊಳ್ಳುತ್ತೆ? ಕೂಸು ಒಂಟಿಯಾಗಿ ಬಿದ್ದಿತ್ತು. ಅದನ್ನ ತಂದು ಮಾಯಿಯಾ ಕೈಗೆ ಕೊಟ್ರು. ಅವಳೇ ಸಾಕಿದ್ದು, ದೊಡ್ಡೋನ್ನ ಮಾಡಿದ್ದು."

ಮಾಯಾ ಒಂದು ಹೊಲಿಗೆ ಎಳೆದು ಬಿಗಿಮಾಡಿದಳು. ಆಮೇಲೆ ಮೆಲ್ಲಗೆ, "ಪಾಪ, ಆ ಹೆತ್ತೋಳು" ಎಂದಳು. "ದೂರದಿಂದ ಮಗೂನ ನೋಡ್ತಿದ್ಲೋ ಏನೋ. ಹತ್ರ ಬಂದ್ರೆ ಹೆದರಿಕೊಳ್ಳುತ್ತೆ ಅಂತ ಬರ್ತಿರ್ಲಿಲ್ಲವೋ ಏನೋ."

ಪುಟ್ಟಿ ಕಣ್ಣೆತ್ತಿ ಅವಳನ್ನೇ ನೋಡಿದಳು. ಕೇಳಿದ ಕೂಡಲೇ ಹೆತ್ತವಳ ಕಡೆಗೆ ಹೋಗುವ ಮನಸ್ಸು ಈ ಹೆಂಗಸಿನದು! ಊರಿಂದ ಊರಿಗೆ ಬಸ್ಸಿನಲ್ಲಿ ಕೂತು ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಅವಳಿಗೆ ಚೆಲ್ಲಾಪಿಲ್ಲಿಯಾಯಿತು.

"ಮಾಯಾ, ನಿಂಗೆ ಯಾವತ್ತೂ ಬೇಜಾರಾಗ್ಲಿಲ್ವಾ? ನಾನು ಹೆಸರು ಹಿಡಿದು ಕರೆದಿದ್ದಕ್ಕೆ?"

"ಆಯ್ತು" ಎಂದಳು ಮಾಯಾ. "ಶಾಲೆ ಗೇಟಲ್ಲಿ ಆಗ್ತಿತ್ತು."

ಪುಟ್ಟಿ ನೋಟ್‌ಬುಕ್ಕಿನ ಅಂಚನ್ನು ಮಡಚುತ್ತಾ ಬಿಚ್ಚುತ್ತಾ ಹೇಳಿದಳು. "ಹೆತ್ತೋಳು ಹೋದ್ಮೇಲೆ ನಾನು ಅಮ್ಮಾ ಅಮ್ಮಾ ಅಂತ ತುಂಬಾ ದಿನ ಕೂಗಿದೆ. ಅದೊಂದು ಚೆನ್ನಾಗಿ ನೆನಪಿದೆ ನಂಗೆ. ಯಾರೂ ಬರ್ಲಿಲ್ಲ. ಆಮೇಲೆ ನೀನು ಬಂದೆ. ಮಾಯಾ ಅಂತ ಕೂಗಿದ್ರೆ ಬರ್ತಿದ್ದೆ. ಸುಮ್‌ಸುಮ್ನೆ ಕೂಗಿದ್ರೂ ಬರ್ತಿದ್ದೆ. ಈ ಮಾತು ಬಿಟ್ಟು ಆ ಮಾತು ಕೂಗಿದ್ರೆ ನೀನೂ ಬರಲ್ವೇನೋ ಅಂತ ಭಯ. ದೊಡ್ಡೋಳಾದ್ಮೇಲೆ ಭಯ ಹೋಯ್ತು. ಅಷ್ಟೊತ್ತಿಗೆ ನಾಚ್ಕೆ ಆಗ್ತಿತ್ತು."

ಕತ್ತರಿಸುವ ಯಂತ್ರದ ಸದ್ದು ನಿಂತಿತ್ತು. ಮಾಯಾ ಸೂಜಿಯನ್ನು ಕಾಗದಕ್ಕೆ ಚುಚ್ಚಿಟ್ಟಳು. ಕಣ್ಣೀರು ಹಾಳೆಯ ಮೇಲೆ ಬಿದ್ದರೆ ಕಲೆಯಾಗುತ್ತದೆಂದು ನಿಘಂಟನ್ನು ಪಕ್ಕಕ್ಕೆ ಸರಿಸಿ, ಆಮೇಲೆ ಅತ್ತಳು. ಎದ್ದು ಬಂದು ಪುಟ್ಟಿಯ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು. ಕೈಗೆ ಅಂಟು ಹತ್ತಿದ್ದರಿಂದ ಮೊಣಕೈಯಿಂದಲೇ ಅಪ್ಪಿಕೊಳ್ಳಬೇಕಾಯಿತು.

"ನಮ್ಮಪ್ಪನಿಗೆ ಇದು ಗೊತ್ತಾಗ್ಲೇ ಇಲ್ಲ ನೋಡು" ಎಂದಳು ಸುಧಾರಿಸಿಕೊಂಡ ಮೇಲೆ. "ಸಿಕ್ಕಿದ್ದು ಒಂದೇ ಫಾರಂ ಅವರಿಗೆ. ಇನ್ನೊಂದು ಸಿಕ್ಕಿದ್ರೆ ಎಷ್ಟು ಖುಷಿ ಪಡ್ತಿದ್ರು."

"ಇನ್ಮೇಲೆ ಅಮ್ಮ ಅನ್ಲಾ?"

ಹದಿನೈದು ವರ್ಷದ ಹಿಂದೆ ಕೇಳಿದ್ದರೆ ಮಾಯಾ ಕುಣಿದುಬಿಡುತ್ತಿದ್ದಳು. "ಅಂದು ನೋಡು" ಎಂದಳು.

"ಅಮ್ಮಾ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಕ್ಕದ ಮನೆಯವರನ್ನು ಕರೆದ ಹಾಗಿತ್ತು. ಪುಟ್ಟಿಗೆ ಮೊದಲು ನಗು ಬಂತು, ಆಮೇಲೆ ಮಾಯಾಗೆ. ಇಬ್ಬರೂ ಬಿದ್ದು ಬಿದ್ದು ನಗುವುದು ಕೇಳಿ ಮಾಲೀಕ ಒಳಗಿನಿಂದ ಕನ್ನಡಕ ಹಣೆಗೇರಿಸಿಕೊಂಡು ಇಣುಕಿದ.

"ಬೇಡ ಬಿಡು" ಎಂದಳು ಮಾಯಾ ಕಣ್ಣೊರೆಸಿಕೊಳ್ಳುತ್ತಾ. "ಆ ಮಾತು ಅವಳದು, ಅವಳ ಹತ್ರಾನೇ ಇರ್ಲಿ. ನನ್ನದು ನಂಗಿದೆ."

ಸಂಜೆ ಮನೆಯಲ್ಲಿ ಪುಟ್ಟಿಯ ಅಪ್ಪ ಎಲ್ಲವನ್ನೂ ಕೇಳಿದ. ಅವನು ಯಾವ ಸುದ್ದಿಯನ್ನೂ ಪೂರ್ತಿ ಕೇಳದೆ ಬಾಯಿ ತೆರೆಯುವವನಲ್ಲ. "ಹಾಗಾದ್ರೆ ಇಷ್ಟು ವರ್ಷ ನಾನೂ ನಿನ್ನನ್ನ ಸಾಕುತಾಯಿ ಅಂತಲೇ ಕರೀತಿದ್ದೆನಾ?" ಎಂದ.

"ಸಾಕಿದ್ದು ನಿಮ್ಮನ್ನೂ ತಾನೇ?" ಎಂದಳು ಮಾಯಾ, ತಟ್ಟೆಗೆ ಬಡಿಸುತ್ತಾ.

ಊಟವಾದ ಮೇಲೆ ಅವಳು ಗಂಡನ ಹತ್ತಿರ ಒಂದು ವಿಷಯ ಕೇಳಿದಳು. ಈ ಮನೆಗೆ ಬಂದಾಗಿನಿಂದ ಕೇಳದಿದ್ದ ವಿಷಯ. "ಪುಟ್ಟಿ ಅಮ್ಮಂದು ಏನಾದ್ರೂ ಉಳಿದಿದ್ಯಾ?"

ಅವನು ಸ್ಟೂಲು ಹಾಕಿಕೊಂಡು ಅಟ್ಟದಿಂದ ಒಂದು ತಗಡಿನ ಡಬ್ಬ ಇಳಿಸಿದ. ಮೂರು ಫೋಟೋ ಇದ್ದವು. ಹೆರಿಗೆ ಆಸ್ಪತ್ರೆಯ ಚೀಟಿಯ ಮೇಲೆ ಪುಟ್ಟಿ ಹುಟ್ಟಿದ ಗಳಿಗೆ ಮತ್ತು ತೂಕ ಬರೆದಿತ್ತು. ತವರಿಗೆ ಬರೆದು ಕಳಿಸದೇ ಉಳಿದ ಒಂದು ಕಾಗದ. ಸೋಪು, ಸೀಮೆಎಣ್ಣೆ, ಮಗುವಿನ ಟೋಪಿಗೆ ಉಲ್ಲನ್ ಎಂದು ದುಂಡಗೆ ಬರೆದಿಟ್ಟ ಸಾಮಾನಿನ ಚೀಟಿ. ಪುಟ್ಟಿ ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತಾ ಕೂತಳು. ತನ್ನ 'ಟ' ಕೂಡ ಹೀಗೆಯೇ ಬಾಲ ಎಳೆದುಕೊಳ್ಳುತ್ತದೆ ಎಂದಳು.

ಮರುದಿನ ಮಾಯಾ ಬೇಗ ಅಂಗಡಿಗೆ ಹೋದಳು. ದಪ್ಪ ಹಾಳೆಗಳನ್ನು ಕತ್ತರಿಸಿ, ಒಂದೊಂದು ಹಾಳೆಗೆ ಒಂದೊಂದನ್ನು ಮೂಲೆಗಳಲ್ಲಿ ಮಾತ್ರ ಅಂಟಿಸಿದಳು. ಮೇಣದ ದಾರದಿಂದ ಹೊಲಿದು, ಹಸಿರು ಬಟ್ಟೆಯ ರಟ್ಟು ಹಾಕಿದಳು. ಅಂಗೈಯಗಲದ ಪುಸ್ತಕ. ಮಧ್ಯಾಹ್ನದ ಬಸ್ಸಿಗೆ ಹೊರಟ ಮಗಳ ಚೀಲದಲ್ಲಿ, ಬಟ್ಟೆಗಳ ನಡುವೆ ಅದನ್ನು ಇಟ್ಟಳು. "ಅಂಟು ಇನ್ನೂ ಹಸಿ ಇದೆ, ನಾಳೆವರೆಗೂ ತೆರೀಬೇಡ" ಎಂದು ಹೇಳುವುದನ್ನು ಮರೆಯಲಿಲ್ಲ.

ಪುಟ್ಟಿ ಬಸ್ಸು ಊರು ದಾಟುವ ಮೊದಲೇ ತೆರೆದಳಂತೆ. ಎರಡು ಹಾಳೆ ಅಂಟಿಕೊಂಡವು.

ಈಗ ಪುಟ್ಟಿ ಒಂದು ದೊಡ್ಡ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿದ್ದಾಳೆ. ಅವಳಿಗೂ ಒಬ್ಬ ಮಗಳಿದ್ದಾಳೆ. ಆ ಮೊಮ್ಮಗಳಿಗೆ ಹಸಿರು ಪುಸ್ತಕವೆಂದರೆ ಪ್ರಾಣ. ದಿನಾ ತೆರೆದು ಫೋಟೋ ನೋಡಿ ನೋಡಿ ಹೊಲಿಗೆ ಸಡಿಲವಾಗುತ್ತಲೇ ಇರುತ್ತದೆ. ಮಾಯಾ ವರ್ಷಕ್ಕೆರಡು ಸಲ ಅಲ್ಲಿಗೆ ಹೋಗುತ್ತಾಳೆ. ಕಣ್ಣು ಮಂಜಾಗಿದೆ, ಸೂಜಿಗೆ ದಾರವನ್ನು ಪುಟ್ಟಿ ಪೋಣಿಸಿ ಕೊಡಬೇಕು. ಕಿಟಕಿಯ ಬೆಳಕಿಗೆ ಕುರ್ಚಿ ಹಾಕಿಕೊಂಡು, ಕಳಚಿದ ಹಾಳೆಗಳನ್ನು ಮೊಮ್ಮಗಳಿಂದಲೇ ಸರಿಯಾಗಿ ಜೋಡಿಸಿಕೊಂಡು, ಅವಳು ಅದನ್ನು ಮತ್ತೆ ಹೊಲಿದುಕೊಡುತ್ತಾಳೆ.